ಹೆಡ್‌ಫೋನಿನೊಳಗಿನ ಬಾವ

ನಮ್ಮ ಬಾವ ತಮಾಷೆಯ ಮನುಷ್ಯ ಎಂದರೆ ಶನಿವಾರಸಂತೆಯಲ್ಲಿ ಒಬ್ಬರೂ ನಂಬುವುದಿಲ್ಲ. ಅವರ ತಿಥಿಯ ದಿನ ಊಟ ಮುಗಿಸಿ ಕೈ ತೊಳೆದವರೆಲ್ಲ ನನ್ನ ಹತ್ತಿರ ಬಂದು ಹೇಳಿದ್ದು ಒಂದೇ: "ಬಾಳ ಗಂಭೀರ ಮನುಷ್ಯ. ಒಂದು ಮಾತು ಜಾಸ್ತಿ ಆಡ್ದೋರಲ್ಲ." ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಬೇರೆ ಥರ ಹೇಳಿದಳು: "ಇಷ್ಟು ವರ್ಷ ಸಂಸಾರ ಮಾಡ್ದೆ. ಅನ್ನ ಬಡಿಸಿದ್ರೆ 'ಸಾಕು' ಅಂತಿದ್ರು. ಅದೊಂದು ಮಾತು ಚೆನ್ನಾಗಿ ಬತ್ತಿತ್ತು." ಸುತ್ತ ಕೂತಿದ್ದ ಹೆಂಗಸರು ನಕ್ಕು, ಸಾವಾದ ಮನೆ ಎಂದು ನೆನಪಾಗಿ ಸುಮ್ಮನಾದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಇವರೆಲ್ಲ ಹೇಳುತ್ತಿರುವ ಈ ಮನುಷ್ಯ ಯಾರಪ್ಪ ಅಂತ ಒಂದು ಗಳಿಗೆ ಅನುಮಾನವೇ ಬಂತು.

ನನಗೆ ಗೊತ್ತಿದ್ದ ಬಾವ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆದರೆ ಅವರ ಮಾತು ಕೇಳಬೇಕಾದರೆ ಹೆಡ್‌ಫೋನ್ ಹಾಕಿಕೊಳ್ಳಬೇಕಾಗಿತ್ತು.

ಅದು ಹೇಗೆ ಎಂದು ಹೇಳಬೇಕು. ಬಾವ, ನಾನು ಸೇರಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕೆಲಸ ಮಾಡುತ್ತಿದ್ದೆವು. ಮದುವೆ, ಗಣೇಶನ ಪೆಂಡಾಲು, ಸ್ಕೂಲ್ ಡೇ, ಹಾಕಿ ಟೂರ್ನಮೆಂಟು, ಕೊನೆಗೆ ಶ್ರದ್ಧಾಂಜಲಿ ಸಭೆ, ಯಾವುದನ್ನೂ ಬಿಟ್ಟವರಲ್ಲ. ಸ್ಟೇಜು ಬಾವನದು, ಹಾಲ್‌ನ ಹಿಂದುಗಡೆ ಕೂತು ಎಲ್ಲ ಮೈಕಿನ ದನಿ ಹದ ಮಾಡುವ ಮಿಕ್ಸರ್ ನನ್ನದು. ಕಾರ್ಯಕ್ರಮ ಶುರುವಾಗುವ ಮುಂಚೆ ಒಂದೊಂದು ಮೈಕನ್ನೂ ಪರೀಕ್ಷೆ ಮಾಡಬೇಕು. ಹಾಲಿನ ಸ್ಪೀಕರಿಗೆ ಹೋಗದ ಹಾಗೆ ನಾನು ಎಲ್ಲ ಮೈಕನ್ನೂ ಮ್ಯೂಟ್ ಮಾಡಿ ಹೆಡ್‌ಫೋನ್ ಏರಿಸಿಕೊಳ್ಳುತ್ತೇನೆ. ಸ್ಟೇಜಿನ ಮೇಲಿರುವವರು ಮೈಕಿನಿಂದ ಮೈಕಿಗೆ ಹೋಗಿ ಏನಾದರೂ ಮಾತಾಡುತ್ತಾರೆ. ಅದು ನನಗೊಬ್ಬನಿಗೇ ಕೇಳಿಸುತ್ತದೆ. ಈ ಕಸುಬಿನಲ್ಲಿ ಎಲ್ಲರೂ "ಹಲೋ ಚೆಕ್, ಒನ್ ಟೂ ತ್ರೀ" ಅನ್ನುತ್ತಾರೆ. ಬಾವ ಒಂದು ದಿನವೂ ಹಾಗೆ ಅಂದವರಲ್ಲ.

"ಇದು ಪುರೋಹಿತರ ಮೈಕು. ಅವ್ರಿಗೆ ಇವತ್ತು ಕುಶಾಲನಗರದಲ್ಲಿ ಇನ್ನೊಂದು ಮದುವೆ ಅದೆ. ನೋಡ್ತಿರು, ತಾಳಿ ಕಟ್ಟೋನಿಗೆ ಉಸಿರು ಬಿಡೋಕೂ ಟೈಮ್ ಕೊಡಲ್ಲ. ಲೆವೆಲ್ ಸರಿ ಅದ್ಯಾ?" ನಾನು ದೂರದಿಂದಲೇ ಕೈಯೆತ್ತಿ ಸರಿ ಅನ್ನಬೇಕು. ಮುಂದಿನ ಮೈಕು. "ಇದು ಮುಖ್ಯ ಅತಿಥಿಗಳದು. 'ಎರಡೇ ಎರಡು ಮಾತು ಹೇಳಿ ಮುಗಿಸ್ತೀನಿ' ಅಂತಾರೆ. ಆಗ ನೀನು ಹೋಗಿ ಕಾಫಿ ಕುಡ್ದು, ಕಟಿಂಗ್ ಮಾಡಿಸ್ಕಂಡು ಬಾ." ಮುಂದಿನದು. "ಮದುಮಗ ಬೆವರ್ತಾವ್ನೆ ಕಣಯ್ಯ. ಫ್ಯಾನ್ ಆ ಕಡೆ ತಿರುಗ್ಸಿ ಅಂತ ಯಾರಿಗಾರೂ ಹೇಳು. ನಿಮ್ಮಕ್ಕನ್ನ ಕಟ್ಕಳೋವಾಗ ನನಗೂ ಹಿಂಗೇ ಆಗಿತ್ತು. ಯಾವ ನನ್ಮಗನೂ ಹೇಳ್ಲಿಲ್ಲ."

ಇಷ್ಟನ್ನೂ ಹೇಳುವಾಗ ಮುಖ ನೋಡಬೇಕಾಗಿತ್ತು. ಕಣ್ಣು ಅರ್ಧ ಮುಚ್ಚಿ, ತಲೆ ಬಗ್ಗಿಸಿ, ಒಂದು ಕೈ ಸ್ಟ್ಯಾಂಡಿನ ಮೇಲೆ. ದೂರದಿಂದ ನೋಡಿದವರಿಗೆ ಮಂತ್ರ ಹೇಳಿಕೊಳ್ಳುತ್ತಿದ್ದಾರೇನೋ ಅನ್ನಿಸಬೇಕು. ಒಮ್ಮೆ ಪೊನ್ನಂಪೇಟೆಯಲ್ಲಿ ಯಾರೋ ದೊಡ್ಡ ಪ್ಲಾಂಟರ್ ತೀರಿಕೊಂಡದ್ದಕ್ಕೆ ಶ್ರದ್ಧಾಂಜಲಿ ಸಭೆ. ಜನ ಆಗಲೇ ಬಂದು ಬಿಳಿ ಬಟ್ಟೆಯಲ್ಲಿ ಕೂತಿದ್ದಾರೆ, ಫೋಟೊಗೆ ಹಾರ ಹಾಕಿದ್ದಾರೆ. ಬಾವ ಮೈಕಿನ ಮುಂದೆ ತಲೆ ಬಗ್ಗಿಸಿ, "ಇದು ಶ್ರದ್ಧಾಂಜಲಿ ಮೈಕು. ಇದರ ಮುಂದೆ ನಿಂತವ್ರೆಲ್ಲ ಸುಳ್ಳು ಹೇಳ್ತಾರೆ, ಫೋಟೊದಲ್ಲಿ ಇರೋನು ಒಬ್ಬನೇ ಸುಮ್ನಿರಾದು. ಲೆವೆಲ್ ನೋಡು" ಅಂದರು. ನನ್ನ ಬಾಯಿಂದ ನಗು ಚಿಮ್ಮಿಬಿಟ್ಟಿತು. ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು "ನಿಮಗೆ ಅವರು ಅಷ್ಟು ಬೇಕಾದವ್ರಾ ಮಾರಾಯ್ರೆ" ಎಂದು ಬೆನ್ನು ಸವರಿದರು. ಸ್ಟೇಜಿನ ಮೇಲೆ ಬಾವನ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಸ್ಟೇಜು ಇಳಿದರೆ ಅವರೇ ಬೇರೆ. "ಸ್ವಾಮಿ, ಇಲ್ಲಿ ನಿಂತ್ಕಳಿ." "ಅಮ್ಮ, ಮೈಕನ್ನ ಒಂಚೂರು ಹತ್ರ ಹಿಡ್ಕಳಿ." ಮುಗಿಯಿತು. ಯಾರಾದರೂ ಎದುರು ನಿಂತು ಮಾತಾಡಿಸಿದರೆ ನೆಲ ನೋಡುತ್ತಿದ್ದರು. ಮೊದಲು ಅವರು ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದವರು. ಕಾಫಿ ಕೊಯ್ಯುವ ಪಿಕಿಂಗ್ ಕಾಲದಲ್ಲಿ, ಎಸ್ಟೇಟಿನವರು ಸಾಲಾಗಿ ಕಟ್ಟಿಸಿಕೊಟ್ಟ ಲೈನ್ ಮನೆಗಳಿಂದ ಆಳುಗಳನ್ನು ತುಂಬಿಕೊಂಡು ತೋಟಕ್ಕೆ ಬಿಡುವಾಗ ಹಿಂದೆ ಕೂತ ಹೆಂಗಸರು ತಮಿಳಿನಲ್ಲಿ ಎಷ್ಟು ಗೇಲಿ ಮಾಡಿದರೂ ಇವರು ಹಾರನ್ ಹೊಡೆದು ಉತ್ತರ ಕೊಡುತ್ತಿದ್ದರಂತೆ. ಮದುವೆ ಮನೆಯಲ್ಲಿ ಊಟಕ್ಕೆ ಕೊನೆಯ ಪಂಕ್ತಿಯಲ್ಲಿ, ಅದೂ ಅಡುಗೆಯವರ ಜೊತೆ ಕೂರುವುದು. ಫೋಟೊ ತೆಗೆಯಲು ಬಂದರೆ ಸ್ಪೀಕರ್ ಬಾಕ್ಸಿನ ಹಿಂದೆ ಏನೋ ಸರಿಮಾಡುವವರಂತೆ ಬಗ್ಗುವುದು. ಸ್ಟೇಜಿನ ಹಲಗೆ ಸದ್ದಾಗಬಾರದೆಂದು ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು, ಸ್ಕೂಲು ಮಕ್ಕಳು ಡ್ರಿಲ್ಲಿಗೆ ಹಾಕುವಂಥವು. ಆ ಶೂ ನೋಡಿ ನಾನು ನಗುತ್ತಿದ್ದೆ, ಅವರು ನನ್ನ ಹೊಟ್ಟೆ ನೋಡಿ ನಗುತ್ತಿದ್ದರು. ಅದೂ ಮೈಕಿನಲ್ಲೇ.

ಒಮ್ಮೆ ಕೇಳಿದೆ, "ಅಲ್ಲ ಬಾವ, ಇದರಲ್ಲಿ ಕಾಲು ಭಾಗ ಅಕ್ಕನ ಹತ್ರ ಮಾತಾಡಿದ್ರೆ ಅವಳು ಎಷ್ಟು ಖುಷಿ ಪಡ್ತಾಳೆ! ಮನೇಲಿ ಯಾಕೆ ಗುಮ್ಮನಂಗೆ ಕೂತಿರ್ತೀರ?"

"ಎದುರಿಗೆ ನಿಂತ್ರೆ ಬರಲ್ಲ ಕಣಯ್ಯ" ಅಂದರು. "ಮೈಕಿನ ಮುಂದೆ ಯಾರೂ ಇರಲ್ವಲ್ಲ."

ಹಾಲ್ ತುಂಬ ಜನ ಇರುತ್ತಿದ್ದರು. ಬಾವನ ಲೆಕ್ಕದಲ್ಲಿ ಕೇಳಿಸಿಕೊಳ್ಳದವರು ಇದ್ದರೂ ಇಲ್ಲದ ಹಾಗೆ.

ಸ್ಟೇಜ್ ಬಾಕ್ಸ್ ತರುವ ಮಾತು ತೆಗೆದದ್ದು ನಾನು. ಅಲ್ಲಿಯವರೆಗೆ ನಮ್ಮ ಹತ್ತಿರ ಇದ್ದದ್ದು ಹಳೆಯ ದಪ್ಪ ಕೇಬಲ್ಲು. ಒಂದೊಂದು ಮೈಕಿನ ತಂತಿಯನ್ನೂ ಒಂದೇ ರಬ್ಬರಿನೊಳಗೆ ಸೇರಿಸಿ, ಸ್ಟೇಜಿನಿಂದ ಮಿಕ್ಸರ್‌ವರೆಗೆ ಎಳೆಯುವಂಥದ್ದು. ಹೊರಲು ಇಬ್ಬರು ಬೇಕು. ಹಾಸಿದರೆ ಜನ ಎಡವುತ್ತಾರೆ, ಎಡವಿದವರು ನಮಗೆ ಬೈಯುತ್ತಾರೆ. ಚೆಟ್ಟಳ್ಳಿಯ ಒಂದು ಮದುವೆಯಲ್ಲಿ ಯಾರೋ ಅದರ ಮೇಲೆ ಜೀಪು ಹತ್ತಿಸಿದ್ದರಿಂದ ಆಶೀರ್ವಾದದ ಮಾತಿನ ಮಧ್ಯೆ ಮೈಕೆಲ್ಲ ಸತ್ತುಹೋದವು. ಅವತ್ತೇ ನಾನು, "ಸಾಕು ಬಾವ ಈ ಪೀಡೆ. ಡಿಜಿಟಲ್ ಮಿಕ್ಸರ್ ತಂದಾಗಿದೆ, ಇನ್ನು ಸ್ಟೇಜ್ ಬಾಕ್ಸ್ ತರಾಣ" ಎಂದು ಹಟ ಹಿಡಿದೆ. ಸ್ಟೇಜ್ ಬಾಕ್ಸ್ ಎಂದರೆ ಸ್ಟೇಜಿನ ಪಕ್ಕದಲ್ಲಿ ಇಡುವ ಒಂದು ಪೆಟ್ಟಿಗೆ. ಮೈಕುಗಳೆಲ್ಲ ಅದಕ್ಕೆ ಚುಚ್ಚಿಕೊಳ್ಳುತ್ತವೆ. ಅಲ್ಲಿಂದ ಮಿಕ್ಸರಿಗೆ ಬರುವುದು ಕಂಪ್ಯೂಟರಿಗೆ ಹಾಕುವಂಥ ಒಂದೇ ಒಂದು ಸಣ್ಣ ವೈರು.

ಮೈಸೂರಿನ ಅಂಗಡಿಗೆ ಹೋದೆವು. ಪೆಟ್ಟಿಗೆ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ ಎಂದು ಅಲ್ಲಿ ಗೊತ್ತಾಯಿತು. ನಮ್ಮ ಮಿಕ್ಸರ್ ಮಾತಾಡುವ ಭಾಷೆಯನ್ನೇ ಆ ಪೆಟ್ಟಿಗೆಯೂ ಮಾತಾಡಬೇಕು, ಇಲ್ಲದಿದ್ದರೆ ಎರಡೂ ಒಂದನ್ನೊಂದು ನೋಡಿಕೊಂಡು ಸುಮ್ಮನೆ ಕೂರುತ್ತವೆ. ಮೈಕಿನ ಗೇನು, ಅಂದರೆ ದನಿಯನ್ನು ಎಷ್ಟು ಎತ್ತಿ ಒಳಗೆ ತೆಗೆದುಕೊಳ್ಳಬೇಕು ಅನ್ನುವುದು, ಮಿಕ್ಸರಿನಿಂದಲೇ ಬದಲಾಯಿಸುವಂತಿರಬೇಕು. ಒಳಗಿನ ಫ್ಯಾನು ಗೊರಗುಟ್ಟಬಾರದು, ಮಂಟಪದ ಪಕ್ಕದಲ್ಲೇ ಇಡುತ್ತೇವಲ್ಲ. ವೈರು ಚುಚ್ಚುವ ಜಾಗ ಗಟ್ಟಿ ಲಾಕ್ ಇರುವಂಥದ್ದಾಗಿರಬೇಕು. ಕರೆಂಟು ಹೋಗಿ ಬಂದರೆ ಅದು ಮತ್ತೆ ಏಳುವುದಕ್ಕೆ ಸಮಯ ತೆಗೆದುಕೊಳ್ಳುತ್ತದೆ, ನಮ್ಮ ಕೊಡಗಿನ ಕರೆಂಟಿಗೆ ಯುಪಿಎಸ್ ಇಲ್ಲದೆ ಅದನ್ನು ಮುಟ್ಟುವಂತೆಯೇ ಇಲ್ಲ. ಅಂಗಡಿಯ ಸೇಲ್ಸ್‌ಮನ್ ಹೇಳುತ್ತಾ ಹೋದ, ನಾನು ಮಧ್ಯೆ ಮಧ್ಯೆ ತಿಳಿದವನಂತೆ ಪ್ರಶ್ನೆ ಹಾಕುತ್ತಾ ಹೋದೆ. ಬಾವ ನೆಲ ನೋಡುತ್ತಾ ನಿಂತಿದ್ದರು.

ನನಗೆ ಮೂವತ್ತೆರಡು ಮೈಕು ಹಿಡಿಸುವ ದೊಡ್ಡ ಪೆಟ್ಟಿಗೆಯೇ ಬೇಕಾಗಿತ್ತು. ಮಡಿಕೇರಿಯ ಆರ್ಕೆಸ್ಟ್ರಾದವರು ನಮ್ಮನ್ನು ಕರೆಯುತ್ತಾರೆ, ನಾವೂ ದೊಡ್ಡವರಾಗುತ್ತೇವೆ ಎಂದು ಆಸೆ. ಸೇಲ್ಸ್‌ಮನ್ "ಟೆಸ್ಟ್ ಮಾಡಿ ನೋಡಿ ಸಾರ್" ಎಂದು ಒಂದು ಮೈಕು ಜೋಡಿಸಿ ನನಗೆ ಹೆಡ್‌ಫೋನ್ ಕೊಟ್ಟ. ತಕ್ಷಣ ಬಾವನಿಗೆ ಜೀವ ಬಂತು. ಮೈಕು ತೆಗೆದುಕೊಂಡು ಅಂಗಡಿಯ ಆ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತರು.

"ಬಾಮೈದ್ರೇ, ಈ ಹುಡುಗ ಮೂವತ್ತೆರಡರ ಪೆಟ್ಟಿಗೆ ಮಾರ್ಲೇಬೇಕು ಅಂತ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದವ್ನೆ. ಒಂದು ಮದುವೇಲಿ ಎಷ್ಟು ಬಾಯಿ ಇರ್ತಾವೆ? ಪುರೋಹಿತ್ರು, ವಾಲಗ, ಹಾಡೋರು, ಸ್ವಾಗತ ಹೇಳೋನು. ಹದಿನಾರು ಧಾರಾಳ ಆಯ್ತು. ಬಾಯಿ ಜಾಸ್ತಿ ಆಗಿಲ್ಲ ಕಣಯ್ಯ, ಕಿವಿ ಜಾಸ್ತಿ ಆಗವೆ. ಎರಡು ಪೋರ್ಟ್ ಇರೋದು ತಗಾ."

ಅವರು ಹೇಳಿದ್ದು ಲೈವ್ ವಿಡಿಯೊದವರ ವಿಷಯ. ಈಗ ಯಾವ ಮದುವೆಯಾದರೂ ಬರಲಾಗದ ನೆಂಟರಿಗೆ ಲಿಂಕ್ ಕಳಿಸುತ್ತಾರೆ, ಅವರು ಫೋನಿನಲ್ಲೇ ನೋಡುತ್ತಾರೆ. ಆ ವಿಡಿಯೊದವರು ಬಂದು ನಮ್ಮ ಮಿಕ್ಸರಿಗೆ ಜೋತುಬೀಳುತ್ತಿದ್ದರು, ಅವರಿಗೆ ಕೊಟ್ಟ ಸೌಂಡು ಹೆಚ್ಚಾಯಿತು, ಕಡಿಮೆಯಾಯಿತು ಎಂದು ದಿನಾ ಜಗಳ. ಎರಡು ಪೋರ್ಟಿನ ಪೆಟ್ಟಿಗೆಯಾದರೆ ಒಂದು ವೈರು ನಮಗೆ, ಇನ್ನೊಂದು ನೇರವಾಗಿ ಅವರಿಗೆ. ಸೇಲ್ಸ್‌ಮನ್ ಬಿಡಿಸಿ ಹೇಳಿದ: "ಎರಡೂ ಬೇರೆ ಬೇರೆ ಸಾರ್. ನೀವು ನಿಮ್ಮ ಮಿಕ್ಸರಲ್ಲಿ ಮ್ಯೂಟ್ ಮಾಡಿದ್ರೂ ಅವರಿಗೆ ಮೈಕ್ ಹೋಗ್ತಾನೇ ಇರುತ್ತೆ. ಅದೇ ಇದರ ಅನುಕೂಲ." ಬಾವ ಮೊದಲ ಸಲ ಅವನ ಮುಖ ನೋಡಿ, "ಅದೇ ಬೇಕು" ಅಂದರು. ನಾನೂ ತಲೆಯಾಡಿಸಿದೆ. ಇಬ್ಬರಿಗೂ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನಮಗಿಲ್ಲ.

ಆ ಪೆಟ್ಟಿಗೆಯನ್ನು ಮೊದಲ ಸಲ ಹಚ್ಚಿದ್ದು ಚೆಟ್ಟಳ್ಳಿ ಕಡೆಯ ಒಬ್ಬ ಎಸ್ಟೇಟ್ ರೈಟರ, ಅಂದರೆ ತೋಟದ ಲೆಕ್ಕ ಬರೆಯುವವರ, ಮಗಳ ಮದುವೆಗೆ. ರೈಟರು ಮೂಲದಲ್ಲಿ ನಮ್ಮ ಶನಿವಾರಸಂತೆ ಕಡೆಯವರೇ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಗಳನ್ನು ಸಾಕಿದ್ದು ರೈಟರ ಅಕ್ಕ, ಗಂಡ ಇಲ್ಲದ ಹೆಂಗಸು. ಆ ಕಾಲದಲ್ಲಿ ಸೋಬಾನೆ ಹಾಡುವುದಕ್ಕೆ ಅವರದೇ ಹೆಸರು. ಊರೂರಿನ ಮದುವೆಗೆ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ವಯಸ್ಸಾಗಿ ಹಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈ ಮಗುವಿನ ಮದುವೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಮಾತ್ರ ತಾನೇ ಹೇಳಬೇಕು ಎಂದು ಅವರ ಆಸೆ, ಹುಡುಗಿಯ ಆಸೆಯೂ ಅದೇ. ರೈಟರು ನಮಗೆ ಬುಕಿಂಗ್ ಹೇಳುವಾಗಲೇ, "ಬೇರೆ ಏನು ಹೆಚ್ಚು ಕಮ್ಮಿ ಆದ್ರೂ ಪರ್ವಾಗಿಲ್ಲ, ನಮ್ಮಕ್ಕನ ಹಾಡು ಚೆನ್ನಾಗಿ ಕೇಳ್ಬೇಕು" ಎಂದಿದ್ದರು.

ಬೆಳಿಗ್ಗೆ ಬೇಗ ಆ ಅಮ್ಮ ಮೈಕು ನೋಡಲು ಬಂದರು. ಬಾವ ಸ್ಟ್ಯಾಂಡ್ ತಗ್ಗಿಸಿಕೊಟ್ಟು, "ಒಂದು ಸಾಲು ಹೇಳಿ ಅಮ್ಮ" ಅಂದರು. ಅವರು ಕಣ್ಣು ಮುಚ್ಚಿ ಶುರುಮಾಡಿದರು. ಕೆಳಗಿನ ದನಿ ಗಟ್ಟಿಯಾಗಿಯೇ ಇತ್ತು. ಮೇಲಕ್ಕೆ ಹೋಗುತ್ತಿದ್ದಂತೆ ಸೀಳಿತು. ಇನ್ನೊಂದು ಸಲ ಹೇಳಿದರು, ಅಲ್ಲೇ ಸೀಳಿತು. "ಬೆಳಿಗ್ಗೆ ಹೊತ್ತು, ಗಂಟಲು ಬಿಟ್ಟಿಲ್ಲ" ಎಂದು ನಕ್ಕರು. ಬಾವ ಬಹಳ ವಿನಯದಿಂದ, "ಪರ್ವಾಗಿಲ್ಲ ಅಮ್ಮ, ನಾವು ಸರಿ ಮಾಡ್ಕತೀವಿ" ಎಂದು ಕೈಹಿಡಿದು ಮೆಟ್ಟಿಲು ಇಳಿಸಿ ಕಳಿಸಿದರು. ಅವರು ಸೀರೆ ಉಡಲು ಒಳಗಿನ ಕೋಣೆಗೆ ಹೋದರು.

ವಿಡಿಯೊದ ಹುಡುಗ ಬಂದು, "ಅಣ್ಣಾ, ಎರಡನೇ ಪೋರ್ಟಿಗೆ ಹಾಕಿದ್ದೇನೆ, ನೀವೂ ರೆಕಾರ್ಡ್ ಒತ್ತಿಬಿಡಿ, ಟೈಮಿಂಗ್ ನೋಡ್ಬೇಕು" ಅಂದ. ನಮ್ಮ ಹೊಸ ಮಿಕ್ಸರಿನಲ್ಲಿ ಒಂದೊಂದು ಮೈಕನ್ನೂ ಬೇರೆ ಬೇರೆಯಾಗಿ ಹಾರ್ಡ್ ಡಿಸ್ಕಿಗೆ ಇಳಿಸಬಹುದು. ಮಾಮೂಲಾಗಿ ಮುಹೂರ್ತದ ಹೊತ್ತಿಗೆ ಒತ್ತುತ್ತಿದ್ದೆ, ಅವತ್ತು ಆಗಲೇ ಒತ್ತಿದೆ. ಆಮೇಲೆ ಎಲ್ಲ ಮ್ಯೂಟ್ ಮಾಡಿ ಹೆಡ್‌ಫೋನ್ ಏರಿಸಿದೆ. ಬಾವ ತಮ್ಮ ಕೆಲಸ ಶುರುಮಾಡಿದರು. ಪುರೋಹಿತರಾಯಿತು, ಗಂಡಿನ ತಂದೆಯದಾಯಿತು. ಆ ಅಮ್ಮನ ಮೈಕಿಗೆ ಬಂದು ತಲೆ ಬಗ್ಗಿಸಿದರು.

"ಇದು ಸೋಬಾನೆ ಅಮ್ಮನ ಮೈಕು. ದನಿ ಕೇಳಿದ್ಯಲ್ಲ? ತೋಟದ ಗೇಟು ಕಣಯ್ಯ, ಮಳೆಗಾಲ ಕಳದ್ಮೇಲೆ ಮೊದಲ ಸಲ ತೆಗ್ದಂಗೆ. ಕಿರ್ರ್ರ್... ದನಿ ನುಣ್ಣಗೆ ಮಾಡೋ ರಿವರ್ಬು ಗಿವರ್ಬು ಸಾಕಾಗಲ್ಲ, ಒಂದು ಡಬ್ಬಿ ಗ್ರೀಸ್ ತರ್ಸು. ಹೆಣ್ಣೊಪ್ಪಿಸೋ ಹಾಡಂತೆ. ಇದನ್ನ ಕೇಳಿದ್ರೆ ಗಂಡಿನ ಕಡೆಯೋರು ಹೆಣ್ಣನ್ನ ವಾಪಸ್ ಒಪ್ಪಿಸಿ ಬಸ್ ಹತ್ತಾರೆ. ಲೆವೆಲ್ ಸರಿ ಅದ್ಯಾ?"

ಆ ಕಿರ್ರ್ರ್ ಅನ್ನುವುದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ನಾನು ಮಿಕ್ಸರಿನ ಮೇಲೆ ತಲೆ ಇಟ್ಟು ನಕ್ಕೆ.

ಒಳಗಿನ ಕೋಣೆಯಲ್ಲಿ ಹೆಣ್ಣುಮಕ್ಕಳು ಲಿಂಕ್ ಬಂತಾ ಎಂದು ಫೋನು ತೆಗೆದು ನೋಡುತ್ತಿದ್ದರಂತೆ. ಸ್ಟೇಜು ಕಾಣುತ್ತಿತ್ತು, ಸ್ಟೇಜಿನ ಮೇಲೆ ಬಾವ ಕಾಣುತ್ತಿದ್ದರು. ಸೋಬಾನೆ ಅಮ್ಮನಿಗೂ ತೋರಿಸೋಣ ಎಂದು ಫೋನನ್ನು ಅವರ ಮುಂದೆಯೇ ಹಿಡಿದಿದ್ದರಂತೆ.

ಸ್ವಲ್ಪ ಹೊತ್ತಿಗೆ ರೈಟರು ನನ್ನ ಹತ್ತಿರ ಬಂದರು. ಸಿಟ್ಟಿನಲ್ಲಿ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಕ್ಕ ಹಾಡಲ್ಲ ಅಂತವ್ಳೆ. ಮೈಕಲ್ಲಿ ನೀವು ಏನೋ ಅಂದ್ರಂತೆ" ಎಂದು ತಮ್ಮದೇ ತಪ್ಪು ತಿಳುವಳಿಕೆ ಇರಬಹುದೇನೋ ಅನ್ನುವ ಹಾಗೆ ಕೇಳಿದರು. ನನಗೆ ಕೂಡಲೇ ಹೊಳೆಯಿತು. ಎರಡನೇ ಪೋರ್ಟು. ಸ್ಟೇಜಿನ ಹತ್ತಿರ ಹೋಗಿ ಬಾವನಿಗೆ ಹೇಳಿದೆ. ಅವರು ಒಂದು ಸಲ ಪೆಟ್ಟಿಗೆಯ ಕಡೆ ನೋಡಿದರು, ವಿಡಿಯೊದವರ ವೈರಿನ ಕಡೆ ನೋಡಿದರು. ಥೂ, ಆ ಮುಖ ನಾನು ನೋಡಬಾರದಿತ್ತು.

ಇಬ್ಬರೂ ಕೋಣೆಗೆ ಹೋದೆವು. ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಮಡಿಲಲ್ಲಿ ಮುಡಿಯದ ಹೂವು ಇತ್ತು. ಬಾವ ಕೈ ಮುಗಿದರು. "ತಪ್ಪಾಯ್ತಮ್ಮ. ತಮಾಷೆಗೆ..."

"ಬಾಪ್ಪ, ಕೂತ್ಕ" ಎಂದರು. ಬಾವ ಕೂರಲಿಲ್ಲ. "ತಪ್ಪು ಗಿಪ್ಪು ಆಮೇಲೆ. ನನಗೊಂದು ಹೇಳು. ನೀನು ದಿನಾ ನೂರು ದನಿ ಕೇಳೋನು. ಇಲ್ಲಿರೋವೆಲ್ಲ 'ಹಾಡತ್ತೆ, ಹಾಡತ್ತೆ, ಚೆಂದಾಗದೆ' ಅಂತಾವೆ. ನನ್ನ ಮನಸ್ಸು ನೋಯ್ಬಾರ್ದು ಅಂತ. ನಿಜ ಹೇಳ್ದೋನು ನೀನೊಬ್ಬನೇ. ಈಗ ನನ್ನ ಮುಂದೆ ಹೇಳು. ನಾನು ಹಾಡಿದ್ರೆ ಆ ಮಗೀಗೆ ಚೆಂದವೋ, ನಗೆಪಾಟಲೋ?"

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಬಾವ ತಕ್ಷಣ ಒಂದು ಮಾತು ಅಂದಿದ್ದರೆ ಸಾಕಾಗಿತ್ತು. "ಹಾಡಿ ಅಮ್ಮ" ಅಂದಿದ್ದರೆ ಅವರು ಹೂ ಮುಡಿದು ಎದ್ದೇಳುತ್ತಿದ್ದರು ಎಂದು ನಾನು ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಅಮ್ಮ ಎದುರಿಗೆ ಕೂತಿದ್ದರು, ನೋಡುತ್ತಿದ್ದರು. ಬಾವನ ತುಟಿ ಅಲುಗಿತು. ನೆಲ ನೋಡಿದರು. ಆ ಬಿಳಿ ಶೂಗಳನ್ನೇ ನೋಡುತ್ತಾ ನಿಂತರು. ಬಾಗಿಲಲ್ಲಿ ಮದುಮಗಳು ಬಂದು ನಿಂತಿದ್ದಳು. ನಾನು ಮೊಣಕೈಯಿಂದ ತಿವಿದೆ.

"ಹಾಡಿ ಅಮ್ಮ" ಅಂದರು ಕೊನೆಗೆ.

"ಇಷ್ಟೊತ್ತು ಯೋಚನೆ ಮಾಡಿದ್ಯಲ್ಲಪ್ಪ" ಎಂದರು ಆಕೆ, "ಅಷ್ಟೇ ಸಾಕು. ಹೋಗಿ, ನಿಮ್ಮ ಕೆಲಸ ನೋಡ್ಕಳಿ. ಕಾಫಿ ಕುಡಿದ್ರಾ?"

ಮುಹೂರ್ತ ನಡೆಯಿತು. ಹೆಣ್ಣೊಪ್ಪಿಸುವ ಹೊತ್ತಿಗೆ ನಾನು ಆ ಮೈಕಿನ ಮ್ಯೂಟ್ ತೆಗೆದು ಬೆರಳು ಇಟ್ಟುಕೊಂಡೇ ಕೂತಿದ್ದೆ, ಒಂದು ವೇಳೆ ಹಾಡಿದರೆ ಎಂದು. ಆ ಅಮ್ಮ ಹುಡುಗಿಯ ಕೈಯನ್ನು ಗಂಡಿನ ತಾಯಿಯ ಕೈಯಲ್ಲಿ ಇಟ್ಟರು. ಹುಡುಗಿ ಅವರ ಬಾಯಿಯನ್ನೇ ನೋಡುತ್ತಿದ್ದಳು. ಗಂಡಿನ ಕಡೆಯ ಹೆಂಗಸೊಬ್ಬಳು, "ಹಾಡು ಇಲ್ವಾ?" ಅಂದದ್ದು ಮೈಕಿನಲ್ಲಿ ಹಾಲಿಗೆಲ್ಲ ಕೇಳಿತು. ರೈಟರು ವಾಲಗದವರಿಗೆ ಕೈ ಸನ್ನೆ ಮಾಡಿದರು, ಅವರು ಊದಿದರು. ನನಗೆ ಆಗ ಆದ ನಾಚಿಕೆ ಎಂಥದ್ದೆಂದು ಹೇಗೆ ಹೇಳಲಿ? ಮಾತು ಬಾವನದು, ಸರಿ. ಆದರೆ ಅದನ್ನು ಆಡಿದ್ದು ನನ್ನ ನಗುವಿಗೆ. ನಾನು ಅಷ್ಟು ವರ್ಷ ಪ್ರತಿ ಸಲ ನಕ್ಕಿದ್ದರಿಂದಲೇ ಅದು ಅಷ್ಟು ಚೂಪಾಗಿತ್ತು.

ವಿಡಿಯೊದವರು ಆ ಭಾಗವನ್ನು ತೆಗೆದುಹಾಕಿದರು. ಬಾವ ನಮ್ಮ ಡಿಸ್ಕಿನಲ್ಲಿ ಇದ್ದದ್ದನ್ನೂ ಅಳಿಸು ಎಂದರು, ನಾನು ಹೂಂ ಎಂದೆ. ಅವತ್ತು ಬಾವ ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. ಅಕ್ಕ ಏನಾಯಿತು ಎಂದು ಕೇಳಿದ್ದಕ್ಕೆ "ಸಾಕು" ಅಂದರಂತೆ.

ಪೆಟ್ಟಿಗೆಯನ್ನೇನೂ ಅವರು ದೂರಲಿಲ್ಲ. ಮುಂದೆ ಎಲ್ಲ ಮದುವೆಗೂ ಅದನ್ನೇ ಒಯ್ದೆವು. ವಿಡಿಯೊದವರ ವೈರನ್ನು ಮಾತ್ರ ಪರೀಕ್ಷೆಯೆಲ್ಲ ಮುಗಿದ ಮೇಲೆ ತಾವೇ ಕೈಯಾರೆ ಚುಚ್ಚುತ್ತಿದ್ದರು. ಅಷ್ಟೆಲ್ಲ ಜಾಗ್ರತೆಯ ಅಗತ್ಯವೂ ಇರಲಿಲ್ಲ, ಯಾಕೆಂದರೆ ಆಮೇಲೆ ಅವರು ಮೈಕಿನಲ್ಲಿ ಮಾತಾಡಲೇ ಇಲ್ಲ. ಬೆರಳ ಗೆಣ್ಣಿನಿಂದ ತಟ್ಟುವುದು, ನನ್ನ ಕಡೆ ನೋಡುವುದು, ಮುಂದಿನದಕ್ಕೆ ಹೋಗುವುದು. ಒಂದು ಸಲ ಪೊನ್ನಂಪೇಟೆಯಲ್ಲಿ ನಾನೇ ತಡೆಯಲಾರದೆ ಸ್ಟೇಜಿಗೆ ಹೋಗಿ, "ಏನಾರೂ ಅನ್ನಿ ಬಾವ, ನನ್ನ ಹೊಟ್ಟೆ ಬಗ್ಗೆ ಆದ್ರೂ ಅನ್ನಿ. ವೈರು ಹಾಕಿಲ್ಲ, ನೋಡಿ ಬೇಕಾದ್ರೆ" ಅಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಲೆವೆಲ್ ಸರಿ ಅದ್ಯಲ್ಲ?" ಎಂದು ಕೇಳಿ ಇಳಿದು ಹೋದರು. ಊರಿನವರು ಹೇಳುವ ಆ ಗಂಭೀರ ಮನುಷ್ಯ ನನಗೂ ಸಿಕ್ಕಿದ್ದು ಆವಾಗ. ಹೀಗೇ ಇದ್ದು, ಈ ಸಲ ಹೂಮಳೆ ಬಂದು ಕಾಫಿ ಅರಳಿದ್ದ ದಿನಗಳಲ್ಲಿ, ಎದೆನೋವು ಎಂದವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಮೊನ್ನೆ ಮಧ್ಯಾಹ್ನ ಅಕ್ಕ ಗೋಡೌನಿಗೆ ಬಂದಳು. ಸಾಮಾನ್ಯವಾಗಿ ಬರುವವಳಲ್ಲ. ಸ್ಪೀಕರುಗಳನ್ನೆಲ್ಲ ನೋಡುತ್ತಾ ನಿಂತು, "ಅವರ ದನಿ ಮರ್ತೋಗ್ತಾ ಅದೆ ಕಣೋ" ಅಂದಳು. "ಮುಖ ಇದೆ, ಫೋಟೊದಾಗೆ. ಫೋನಿನ ವಿಡಿಯೊದಾಗೂ ಎಲ್ಲೋ ಹಿಂದೆ ನಿಂತವ್ರೆ. ದನಿ ಎಲ್ಲೂ ಇಲ್ಲ. ಇಷ್ಟೊಂದು ಮೈಕು ಇಟ್ಕಂಡಿದ್ದೀಯ, ಯಾವ್ದರಾಗಾದ್ರೂ ಸಿಕ್ಕಾಕಂಡಿಲ್ವಾ?"

ಇಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಅವಳ ಮುಖ ನೋಡಿ ಆಗಲಿಲ್ಲ. ನಾನು ಆ ಮದುವೆಯ ರೆಕಾರ್ಡನ್ನು ಅಳಿಸಿರಲಿಲ್ಲ. ಬೇರೆ ಯಾವ ರೆಕಾರ್ಡಿನಲ್ಲೂ ಬಾವ ಇಲ್ಲ. ಲ್ಯಾಪ್‌ಟಾಪ್ ತೆಗೆದು, ಅಕ್ಕನಿಗೆ ಹೆಡ್‌ಫೋನ್ ಹಾಕಿ, ಪುರೋಹಿತರ ಮೈಕಿನ ಫೈಲು ಒತ್ತಿದೆ. ಮೊದಲು ಅವಳು ಬೆಚ್ಚಿ ಎರಡು ಕೈಯಲ್ಲೂ ಹೆಡ್‌ಫೋನ್ ಅದುಮಿ ಹಿಡಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ನಿಧಾನವಾಗಿ ಬಾಯಿ ಅರಳಿತು. "ಇವ್ರು... ಇವ್ರು ಹಿಂಗೆ ಮಾತಾಡ್ತಿದ್ರಾ?" ಎಂದು ಕೇಳಿದಳು. ಕಿವಿ ಮುಚ್ಚಿದ್ದರಿಂದ ಜೋರಾಗಿ ಕೂಗಿದಳು. ಗಂಡಿನ ತಂದೆಯ ಮೈಕು ಹಾಕಿದೆ, ನಕ್ಕಳು. ಅಲ್ಲಿಗೆ ಸಾಕು ಮಾಡೋಣ ಎಂದು ನಾನು ಕೈ ಚಾಚುವಷ್ಟರಲ್ಲಿ ಅವಳೇ ಮುಂದಿನದನ್ನು ಒತ್ತಿಬಿಟ್ಟಿದ್ದಳು.

ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವಳ ಮುಖ ನೋಡುತ್ತಾ ಕೂತೆ. ಗೇಟು ಬಂತು ಎಂದು ಗೊತ್ತಾಯಿತು, ಗ್ರೀಸ್ ಬಂತು ಎಂದು ಗೊತ್ತಾಯಿತು. ಅಕ್ಕ ತೊಡೆ ತಟ್ಟಿಕೊಂಡು ನಕ್ಕಳು. ಮದುವೆಯಾದಾಗಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ ದೇವ್ರೇ, ಎಲ್ಲಕ್ಕಿಂತ ಇದೇ ಚೆನ್ನಾಗದೆ ಕಣೋ. ಯಾರ ಬಗ್ಗೆ ಅಂದಿದ್ದು?" ಎಂದಳು.

"ಯಾರೋ. ನೆನಪಿಲ್ಲ ಅಕ್ಕ."

"ಮನೇಲಿ ಒಂದೇ ಒಂದು ದಿನ ಹಿಂಗೆ ಮಾತಾಡಿದ್ರೆ ಏನಾಗ್ತಿತ್ತು ಇವ್ರಿಗೆ" ಎಂದಳು. ಆಮೇಲೆ, "ಆ ಗೇಟಿಂದು ಇನ್ನೊಂದ್ಸಲ ಹಾಕು" ಅಂದಳು. ಹೆಡ್‌ಫೋನಿನ ಒಂದು ಬದಿಯನ್ನು ತನ್ನ ಕಿವಿಯಿಂದ ಬಿಡಿಸಿ ನನ್ನ ಕಡೆ ತಿರುಗಿಸಿ, "ಬಾ, ನೀನೂ ಕೇಳು" ಎಂದಳು.

ಹಾಕಿದೆ. ಅಕ್ಕನ ತಲೆಗೆ ತಲೆ ತಾಗಿಸಿಕೊಂಡು ಕೇಳಿದೆ. ಆ ಅಮ್ಮನ ಮಡಿಲಲ್ಲಿ ಮುಡಿಯದೆ ಉಳಿದ ಹೂವು ಕಣ್ಣ ಮುಂದೆಯೇ ಇತ್ತು. ಬಾವ ಕಿರ್ರ್ರ್ ಎಂದರು. ನನಗೆ ನಗು ಬಂತು.